ಕಟಿಂಗ್ ಅಂಗಡಿಯ ಮಳೆಮರ

ನಮ್ಮ ಕಟಿಂಗ್ ಅಂಗಡಿಯ ಮುಂದಿನ ಮಳೆಮರವನ್ನು ನೆರಳಿಗೆಂದು ನೆಟ್ಟಿದ್ದು ಎಂದೇ ಬೀದಿಯವರೆಲ್ಲ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ನನ್ನ ಗಂಟೇನೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಅದನ್ನು ನೆಟ್ಟಿದ್ದು ನಮ್ಮ ಮಾವನನ್ನು ಅಂಗಡಿಯಿಂದ ಹೊರಗೆ ಕೂರಿಸುವುದಕ್ಕೆ. ಆ ಉಪಾಯವೂ ನನ್ನದೇ.

ಮಾವ ಒಂದು ಕಾಲಕ್ಕೆ ಈ ಸುತ್ತಿನಲ್ಲೆಲ್ಲ ಹೆಸರು ಮಾಡಿದ ಕ್ಷೌರಿಕರು. ಅವರ ಕೈಯಲ್ಲಿ ಕತ್ತರಿ ಹೂವಿನ ಹಾಗೆ ಆಡುತ್ತಿತ್ತು ಎಂದು ಹಳೆಯ ಗಿರಾಕಿಗಳು ಇವತ್ತಿಗೂ ಹೇಳುತ್ತಾರೆ. ಕೈ ನಡುಗಲು ಶುರುವಾಗಿ ಒಬ್ಬರ ಕಿವಿಯ ತುದಿಗೆ ಕತ್ತರಿ ತಾಗಿದ ದಿನ ಅವರು ಅದನ್ನು ಒರೆಸಿ ಮಗನ ಕೈಗೆ ಕೊಟ್ಟರು. ಕೊಟ್ಟದ್ದು ಕತ್ತರಿ ಮಾತ್ರ, ಅಂಗಡಿಯಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ಬಂದು ಎರಡನೆಯ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಕೈ ಸುಮ್ಮನಾದದ್ದಕ್ಕೆ ಬಾಯಿ ಕೆಲಸ ವಹಿಸಿಕೊಂಡಿತ್ತು.

"ಬಲಗಿವಿ ಹತ್ರ ಏರುಪೇರಾಗಿದೆ ನೋಡು."

"ಅದೇನೋ ಕತ್ತರಿ ಹಿಡಿಯೋ ರೀತಿ? ಹುಲ್ಲು ಕೊಯ್ತಿದೀಯಾ?"

"ಇವರಪ್ಪನ ತಲೆಗೂ ನಾನೇ ಕಟಿಂಗ್ ಮಾಡಿದ್ದು. ಆ ಸುಳಿ ಹತ್ರ ಹುಷಾರಾಗಿ ಹೋಗ್ಬೇಕು. ಹೋಯ್ತು ಬಿಡು, ಈಗ ಹೇಳಿ ಏನು ಪ್ರಯೋಜನ!"

ಪಾಪ, ಗಿರಾಕಿ ಎದುರಿನ ಕನ್ನಡಿಯನ್ನು ನೋಡುವುದೋ, ಮಗನ ಮುಖ ನೋಡುವುದೋ, ಅಪ್ಪನ ಮಾತು ಕೇಳುವುದೋ! ಬಟ್ಟೆಯೊಳಗಿನಿಂದ ಮೆಲ್ಲಗೆ ಕೈ ಹೊರತೆಗೆದು ತನ್ನ ತಲೆಯನ್ನು ತಾನೇ ತಡವಿಕೊಳ್ಳುತ್ತಿದ್ದ. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಮಧ್ಯೆ ಇರುವುದು ಒಂದು ಪರದೆ. ನಮ್ಮವರ ಕತ್ತರಿ ಚೆನ್ನಾಗಿ ಓಡುತ್ತಿದೆಯೋ ಇಲ್ಲವೋ ಎಂಬುದು ನನಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಮಾವ ಬಾಯಿ ತೆಗೆದಾಗಲೆಲ್ಲ ಅದು ಎಡವುತ್ತಿತ್ತು. ಹೀಗೆ ಎಡವಿ ಎಡವಿ, ನಿಜವಾಗಿಯೂ ಏರುಪೇರು ಬರಲು ಶುರುವಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಮುಖ ಮಾಡಿದರು.

ಒಂದು ದಿನ ಊಟಕ್ಕೆ ಕೂತ ನಮ್ಮವರು ತಟ್ಟೆಯನ್ನು ಅರ್ಧಕ್ಕೇ ಸರಿಸಿದರು.

"ಬಸ್ ಸ್ಟ್ಯಾಂಡ್ ಹತ್ರ ಹೊಸ ಸಲೂನ್ ಆಗಿದೆಯಲ್ಲ, ಅಲ್ಲಿಗೆ ಕೆಲಸಕ್ಕೆ ಕರೀತಿದಾರೆ. ಹೋಗ್ಬಿಡ್ತೀನಿ ಕಣೇ. ಇನ್ನು ನನ್ನ ಕೈಲಾಗಲ್ಲ."

"ಅಂಗಡಿ?"

"ಬಾಗಿಲು ಹಾಕೋದು."

"ಮಾವನಿಗೆ ಒಂದು ಮಾತು ಹೇಳಿ ನೋಡ್ಬಾರ್ದಾ? ಸ್ವಲ್ಪ ಹೊರಗಡೆ ಕೂತ್ಕೊಳ್ಳಿ ಅಂತ?"

"ಅಪ್ಪನಿಗೆ ಹೊರಗೆ ಹೋಗು ಅಂತ ನಾನು ಹೇಳ್ಲಾ? ಅದಕ್ಕಿಂತ ನಾನೇ ಹೋಗೋದು ವಾಸಿ."

ಅಂಗಡಿಗೆ ಬೀಗ ಬಿದ್ದರೆ ಮಾವ ಬಹಳ ದಿನ ಬಾಳುವವರಲ್ಲ. ಬೀಗ ಬೀಳದಿದ್ದರೆ ಗಂಡ ನೆಟ್ಟಗಿರುವವರಲ್ಲ. ಇಬ್ಬರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಒಬ್ಬರಿಗೆ ಬಾಯಿ ಮುಚ್ಚಲು ಬರುವುದಿಲ್ಲ, ಇನ್ನೊಬ್ಬರಿಗೆ ತೆರೆಯಲು ಬರುವುದಿಲ್ಲ. ನಡುವೆ ನಾನೊಬ್ಬಳು.

ನಮ್ಮ ಅಂಗಡಿ ಇರುವುದು ಪಡುವಣಕ್ಕೆ ಮುಖ ಮಾಡಿ. ಮಧ್ಯಾಹ್ನ ಕಳೆದರೆ ಬಿಸಿಲು ನೇರ ಒಳಕ್ಕೆ ಬಂದು ಕನ್ನಡಿಗೆ ಬಡಿದು ಕಣ್ಣು ಕುಕ್ಕುತ್ತದೆ. ಹೊರಗಂತೂ ಕಾಲಿಡುವ ಹಾಗಿಲ್ಲ. ಇಂಥ ಕಡೆ ಬೆಂಚು ಹಾಕಿ "ಕೂತ್ಕೊಳ್ಳಿ ಮಾವ" ಎಂದರೆ ಸುಡಲು ಇಟ್ಟ ಹಾಗೆ. ಆಗ ಹೊಳೆದದ್ದು ಮರದ ವಿಚಾರ.

"ಮಾವ, ಅಂಗಡಿ ಮುಂದೆ ಒಂದು ಮರ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ?" ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ತೆಗೆದೆ. "ಕೆಳಗೊಂದು ಬೆಂಚ್ ಹಾಕಿದ್ರೆ ಬಂದವರು ಕೂರಬಹುದು. ನೀವೂ ಗಾಳಿಗೆ ಕೂರಬಹುದು."

ಮಾವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನೆಡೋದಾದ್ರೆ ಬೇಗ ಬೆಳೆಯೋದನ್ನ ನೆಡಮ್ಮ. ನಿಧಾನಕ್ಕೆ ಬೆಳೆಯೋದನ್ನ ಕಾಯ್ತಾ ಕೂರೋಕೆ ನಂಗೆ ಪುರುಸೊತ್ತಿಲ್ಲ," ಎಂದರು. ಇಷ್ಟು ಸುಲಭಕ್ಕೆ ಒಪ್ಪುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನರ್ಸರಿ ನಡೆಸುವಾಕೆ ಕಡ್ಡಿಯಂಥ ಮೈಯವಳು, ಗಂಟಲು ಮಾತ್ರ ಕಂಚಿನದು. ನಾನು ಕೇಳಿದ್ದಕ್ಕೆ ಯೋಚನೆಯನ್ನೂ ಮಾಡದೆ ಒಂದು ಮಳೆಮರದ ಸಸಿಯನ್ನು ತಂದು ನನ್ನ ಮುಂದೆ ಇಟ್ಟಳು.

"ಇದಕ್ಕಿಂತ ಬೇಗ ನೆರಳು ಕೊಡೋದು ನನ್ನ ಹತ್ರ ಇಲ್ಲ. ನಾಕು ವರ್ಷಕ್ಕೆ ಛತ್ರಿ ಬಿಚ್ಚುತ್ತೆ. ಗೋಡೆ ಹತ್ರ ಮಾತ್ರ ನೆಡಬೇಡಿ, ಇದರ ಬೇರು ನಿಮ್ಮ ಅಂಗಡೀನೇ ಎತ್ತಿಬಿಡುತ್ತೆ. ಇನ್ನೊಂದು ಮಾತು. ಇದು ಸ್ವಲ್ಪ ಎತ್ತರ ಆದ ಮೇಲೆ ಎರಡು ತಲೆ ಒಡೆಯುತ್ತೆ. ಆಗ ಒಂದನ್ನ ಇಟ್ಕೊಂಡು ಇನ್ನೊಂದನ್ನ ತೆಗೆದುಬಿಡಿ. ಬೇಗ ಬೆಳೆಯೋದಕ್ಕೆ ಚಿಕ್ಕಂದಿನಲ್ಲೇ ಬುದ್ಧಿ ಹೇಳ್ಬೇಕು, ದೊಡ್ಡದಾದ ಮೇಲೆ ಯಾರ ಮಾತೂ ಕೇಳಲ್ಲ."

ಅಂಗಡಿಯ ಮುಂದೆ ರಸ್ತೆ ಅಗಲವಾಗಿ, ಒಂದಿಷ್ಟು ಖಾಲಿ ಮಣ್ಣಿನ ಜಾಗವಿದೆ. ಅದರ ಅಂಚಿಗೆ ನಮ್ಮವರು ಗುಂಡಿ ತೆಗೆದರು. ಸಸಿ ಇಳಿಸಿ ಮಣ್ಣು ಮುಚ್ಚಿದ್ದೇ ತಡ, ಮಾವ ಅದರ ಯಜಮಾನಿಕೆ ವಹಿಸಿಕೊಂಡರು. ಆಸರೆಯ ಕೋಲಿಗೆ ಸಸಿಯನ್ನು ಕಟ್ಟಿದ್ದು ಅವರೇ. ಕಟಿಂಗಿಗೆ ಕೂತವನ ಕತ್ತಿಗೆ ಬಟ್ಟೆ ಬಿಗಿದ ಹಾಗೆ, ಒಂದು ಎಳೆಯೂ ಒಳಗೆ ಜಾರದಷ್ಟು ಬಿಗಿಯಾಗಿ. ನರ್ಸರಿಯಾಕೆ ದಾರಿಯಲ್ಲಿ ಹೋಗುತ್ತಾ ನೋಡಿ, "ಅಯ್ಯೋ ಅಜ್ಜ, ಉಸಿರು ಕಟ್ಟಿ ಸಾಯುತ್ತೆ! ಸಡಿಲ ಬಿಡಿ. ಗಾಳಿಗೆ ಸ್ವಲ್ಪ ಓಲಾಡಿದ್ರೇ ಕಾಂಡ ದಪ್ಪ ಆಗೋದು," ಎಂದು ಕೂಗಿ ಅದನ್ನು ಬಿಡಿಸಿದಳು. ನಮ್ಮವರ ಪಾಡೂ ಅಷ್ಟೇ. ದಿನ ಬೆಳಗಾದರೆ ಗಡ್ಡಕ್ಕೆ ನೀರು ಚಿಮುಕಿಸಿದಂತೆ ಒಂದು ಚೊಂಬು ಚಿಮುಕಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅದಕ್ಕೂ ಆಕೆಯಿಂದ ಬೈಸಿಕೊಂಡದ್ದಾಯಿತು. ಮೇಲೆ ಮೇಲೆ ನೀರು ಕೊಟ್ಟರೆ ಬೇರು ಮೇಲೆಯೇ ಉಳಿಯುತ್ತದಂತೆ, ಕೊಟ್ಟ ದಿನ ಹೊಟ್ಟೆ ತುಂಬ ಕೊಟ್ಟು ಆಮೇಲೆ ಕೆಲವು ದಿನ ಅದರ ಕಡೆ ತಿರುಗಿಯೂ ನೋಡಬಾರದಂತೆ.

ಅಂಗಡಿಯಲ್ಲಿ ಗುಡಿಸಿದ ಕೂದಲನ್ನು ಮಾವ ಬುಡದ ಸುತ್ತ ಮಣ್ಣಿಗೆ ಸೇರಿಸುತ್ತಿದ್ದರು. ಒಳ್ಳೆಯ ಗೊಬ್ಬರ ಎಂದು ಯಾರೋ ಹೇಳಿದ್ದರು. ಹಾಗಾಗಿ ಬೀದಿಯ ಗಂಡಸರ ತಲೆಯೆಲ್ಲ ಈ ಮರದ ಹೊಟ್ಟೆ ಸೇರಿತು. ಪಕ್ಕದ ಕಬ್ಬಿಣದ ಅಂಗಡಿಯವರಂತೂ, "ನನ್ನ ತಲೆ ಬೋಳಾಗಿದ್ದೇ ನಿಮ್ಮ ಮರದಿಂದ," ಎಂದು ಬಂದಾಗಲೆಲ್ಲ ನಗೆಯಾಡುತ್ತಿದ್ದರು. ಮರ ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯಿತು. ಮೊದಲ ಬೇಸಿಗೆಗೆ ಮಾವನ ಭುಜ ಮುಟ್ಟಿತು, ಮರುವರ್ಷ ಅಂಗಡಿಯ ಬೋರ್ಡು ದಾಟಿತು. ಸಂಜೆಯಾದರೆ ಎಲೆಗಳನ್ನು ಜೋಡಿಸಿ ಮಡಚಿಕೊಂಡು ನಿದ್ದೆ ಹೋಗುತ್ತಿತ್ತು. ಅದು ಮಲಗಿದ ಮೇಲೆ ಮಾವ ಮನೆಗೆ ಬರುತ್ತಿದ್ದರು. ಅವರು ಮರದ ಹತ್ತಿರ ಕಳೆದಷ್ಟು ಹೊತ್ತು ಒಳಗಿನ ಕುರ್ಚಿ ಖಾಲಿ ಇರುತ್ತಿತ್ತು, ನಮ್ಮವರೂ ಸಲೂನಿಗೆ ಹೋಗುವುದನ್ನು ಇವತ್ತು ನಾಳೆ ಎಂದು ಮುಂದೂಡುತ್ತ ಬಂದರು.

ಆಕೆ ಹೇಳಿದ ಹಾಗೆಯೇ ಅದಕ್ಕೆ ಎರಡು ತಲೆ ಒಡೆದವು. ಒಂದು ಬೆಂಚು ಹಾಕಬೇಕೆಂದಿದ್ದ ಕಡೆಗೆ, ಇನ್ನೊಂದು ಕಬ್ಬಿಣದ ಅಂಗಡಿಯ ಕಡೆಗೆ. ಎರಡೂ ಒಂದೇ ದಪ್ಪ, ಒಂದೇ ಎತ್ತರ. ನಡುವೆ ಬೈತಲೆ ತೆಗೆದ ಹಾಗೆ ನೆಟ್ಟಗಿನ ಸಂದು. ನಾನು ಕತ್ತಿ ತಂದು ನಮ್ಮವರ ಕೈಗೆ ಕೊಟ್ಟೆ. ಅವರು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು, ಕತ್ತಿಯನ್ನು ನನಗೇ ವಾಪಸು ಕೊಟ್ಟರು.

"ಎಷ್ಟು ಸಮ ಇದೆ ನೋಡೇ. ಒಂದನ್ನ ತೆಗೆಯೋದು ಅಂದ್ರೆ ಅರ್ಧ ಮೀಸೆ ಬೋಳಿಸಿದ ಹಾಗೆ."

"ನಿಜ ಕಣೋ," ಎಂದರು ಮಾವ. "ಎರಡೂ ಕಡೆ ಸಮ ಇರೋದನ್ನ ಯಾರಾದ್ರೂ ಹಾಳು ಮಾಡ್ತಾರಾ? ಆಕೆಗೇನು ಗೊತ್ತು ಕಟಿಂಗ್ ವಿಷಯ. ಬಿಡು."

ಅಪ್ಪ ಮಗ ಒಂದೇ ಮಾತಿಗೆ ಬಂದದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು. ಆ ಸಂತೋಷದಲ್ಲಿ ನಾನೂ ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಮರಕ್ಕೆ ಕಟಿಂಗ್ ಆಗುತ್ತಿತ್ತು. ನಮ್ಮವರು ಏಣಿ ಹತ್ತುತ್ತಿದ್ದರು, ಮಾವ ಕೆಳಗೆ ನಿಂತು "ಬಲಕ್ಕೆ ಇನ್ನೊಂದು ಚೂರು, ಸಾಕು, ಈಗ ಎಡಕ್ಕೆ" ಎನ್ನುತ್ತಿದ್ದರು. ವಿಚಿತ್ರವೆಂದರೆ ಏಣಿಯ ಮೇಲೆ ನಿಂತಾಗ ಆ ಮಾತು ಇವರಿಗೆ ಚುಚ್ಚುತ್ತಿರಲಿಲ್ಲ. ಮರ ಗುಂಡಗೆ, ತೂಕಕ್ಕಿಟ್ಟಂತೆ ಬೆಳೆಯಿತು. ಬಸ್ಸಿನಲ್ಲಿ ಹೋಗುವವರೂ ಕತ್ತು ಹೊರಳಿಸಿ ನೋಡುವಂಥ ಮರವಾಯಿತು.

ನಾಲ್ಕನೆಯ ಬೇಸಿಗೆಗೆ ಬೆಂಚು ಬಂತು. ಮಾವ ಬೆಳಿಗ್ಗೆ ಬಂದು ಅಂಗಡಿಯೊಳಗೆ ಒಂದು ಸಲ ಇಣುಕಿ, ಹೊರಗೆ ಹೋಗಿ ಕೂತುಬಿಡುತ್ತಿದ್ದರು. ಸರದಿ ಕಾಯುವವರು ಅವರ ಪಕ್ಕ ಕೂತು ಹರಟೆ ಕೊಚ್ಚುತ್ತಿದ್ದರು. ನೆರಳಿಗೆಂದೇ ಬಂದು, ಕೂತ ತಪ್ಪಿಗೆ ಗಡ್ಡ ಮಾಡಿಸಿಕೊಂಡು ಹೋದವರೂ ಉಂಟು. ಒಳಗೆ ಕತ್ತರಿ ಎಡವದೆ ಓಡತೊಡಗಿತು. ನಮ್ಮವರು ಕೆಲಸದ ನಡುವೆ ಸಣ್ಣಗೆ ಶಿಳ್ಳೆ ಹಾಕುವುದನ್ನು ಕೇಳಿ ನಾನು ಹೊಲಿಗೆ ನಿಲ್ಲಿಸಿ ಕೂತದ್ದುಂಟು. ಬಸ್ ಸ್ಟ್ಯಾಂಡಿನ ಸಲೂನಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಹೀಗೆ ಎರಡು ವರ್ಷ. ಅಷ್ಟರಲ್ಲಿ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಅಂಥ ಬಿರುಗಾಳಿಯೇನಲ್ಲ, ತಗಡು ಅಲುಗಿಸುವಷ್ಟು. ಹೊರಗೆ ಹಸಿ ಬಟ್ಟೆ ಹರಿದಂಥ ಸದ್ದಾಯಿತು. ನಾವು ಓಡಿಹೋಗಿ ನೋಡಿದರೆ ಮಾವ ಬೆಂಚಿನಿಂದ ಎದ್ದು ನಿಂತು ಕವಲನ್ನೇ ನೋಡುತ್ತಿದ್ದಾರೆ. ಬೈತಲೆಯಂತಿದ್ದ ಸಂದು ಕೆಳಕ್ಕೆ ಬಾಯಿ ಬಿಟ್ಟಿತ್ತು.

ನರ್ಸರಿಯಾಕೆ ಬಂದು ಏಣಿ ಹತ್ತಿ ಬೆರಳು ಹಾಕಿ ನೋಡಿದಳು. ಇಳಿದವಳು ಈ ಸಲ ಕೂಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಎರಡೂ ಒಂದೇ ದಪ್ಪ ಆದ್ರೆ ನಡುವೆ ತೊಗಟೆ ಸಿಕ್ಕಿಹಾಕ್ಕೊಳ್ಳುತ್ತೆ. ನೋಡೋಕೆ ಕೂಡಿರೋ ಹಾಗೆ ಕಾಣುತ್ತೆ, ಒಳಗೆ ಕೂಡಿರಲ್ಲ. ಸೀಳು ಬೆಂಚಿನ ಕಡೆಯ ಕವಲಿಗೆ ಇಳಿದಿದೆ. ಅದನ್ನ ತೆಗೆದುಬಿಡಿ. ಬಿಟ್ರೆ ಇನ್ನೊಂದು ಗಾಳಿಗೆ ಅದು ಬೀಳೋದಲ್ಲದೆ ಇದನ್ನೂ ಬುಡದ ತನಕ ಸೀಳ್ಕೊಂಡು ಹೋಗುತ್ತೆ."

"ಬೆಂಚಿನ ಕಡೆಯದಾ?" ಎಂದರು ಮಾವ.

"ಹೌದು ಅಜ್ಜ."

"ಆಗಲ್ಲ," ಎಂದು ಅದರ ಕೆಳಗೇ ಹೋಗಿ ಕೂತರು.

ಮರುದಿನವೂ ಕೂತರು. ಅದರ ಮರುದಿನವೂ. ಬೆಂಚನ್ನು ಇನ್ನೊಂದು ಕವಲಿನ ಕಡೆಗೆ ಸರಿಸೋಣವೆಂದರೆ ಅದು ಕಬ್ಬಿಣದ ಅಂಗಡಿಯ ಲಾರಿ ನಿಲ್ಲುವ ಜಾಗ. ನಮ್ಮವರು ಎರಡು ಕವಲನ್ನೂ ಸೇರಿಸಿ ಹಗ್ಗ ಬಿಗಿದರು. ಸೀಳಿಗೆ ಹಗ್ಗವೇ! ಒಂದು ಕಡೆ ಮರ ಕಿರುಗುಟ್ಟುತ್ತಿತ್ತು, ಇನ್ನೊಂದು ಕಡೆ ಒಳಗೆ ಕತ್ತರಿ ಮತ್ತೆ ಎಡವಲು ಶುರುವಾಗಿತ್ತು. ಇವರ ಕಣ್ಣು ಗಿರಾಕಿಯ ತಲೆಯ ಮೇಲಿದ್ದರೂ ಜೀವವೆಲ್ಲ ಬೆಂಚಿನ ಮೇಲೆ. ನನಗೆ ತಡೆಯಲಾಗಲಿಲ್ಲ. ಹೊಲಿಗೆ ಬಿಟ್ಟು ಎದ್ದು ಹೊರಗೆ ಹೋದೆ.

"ಏನ್ ಮಾವ ಇದು ಹಟ? ತಲೆ ಮೇಲೆ ಬಿದ್ರೆ ಏನ್ ಗತಿ?"

"ಬಿದ್ರೆ ಬೀಳ್ಲಿ. ಯಾರಿಗೇನು ಕಡಿಮೆ ಆಗುತ್ತೆ?"

"ಹಾಗನ್ಬೇಡಿ. ಒಳಗೆ ನಿಮ್ಮ ಮಗನ ಕೈ ನಡುಗ್ತಿದೆ."

ಮಾವ ನನ್ನ ಕಡೆ ನೋಡದೆ ಹೇಳಿದರು.

"ಈ ಮರ ಯಾಕೆ ನೆಟ್ಟಿದ್ದು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯೇನಮ್ಮ?"

ನಾನು ಬೆಂಚಿನ ಮೇಲೆ ಉದುರಿದ್ದ ಎಲೆಗಳನ್ನು ಕೈಯಿಂದ ಸರಿಸತೊಡಗಿದೆ.

"ನೀನು ಬಾಯಿ ತೆಗೆದಾಗಲೇ ಗೊತ್ತಾಯ್ತು. ಅದಕ್ಕೇ ಬೇಗ ಬೆಳೆಯೋದು ತಾ ಅಂದಿದ್ದು. ನಂಗೂ ಹೊರಗೆ ಬರ್ಬೇಕಿತ್ತು, ಬರೋಕೆ ಒಂದು ನೆಪ ಇರ್ಲಿಲ್ಲ. ಒಳಗೆ ಕೂತ್ರೆ ನನ್ನ ಕೈ ಮಾಡ್ಬೇಕಾದ ಕೆಲಸ ಎದುರಿಗೇ ಇನ್ನೊಂದು ಕೈ ಮಾಡ್ತಿರುತ್ತೆ. ನೋಡಿ ಸುಮ್ಮನಿರೋಕೆ ಆಗಲ್ಲ, ಹೊಟ್ಟೆ ಉರಿಯುತ್ತೆ. ಮಗನ ಮೇಲೆ ಹೊಟ್ಟೆಕಿಚ್ಚು ಪಡೋ ಅಪ್ಪ ನಾನು. ಆಡಿದ ಮೇಲೆ ನಂಗೇ ನಾಚಿಕೆ ಆಗುತ್ತೆ, ಆದ್ರೂ ನಾಳೆ ಮತ್ತೆ ಆಡ್ತೀನಿ. ಇಲ್ಲಿ ಕೂತ್ರೆ ಅವನೂ ಚೆನ್ನಾಗಿದಾನೆ, ನಾನೂ ಚೆನ್ನಾಗಿದೀನಿ. ಈ ನೆರಳು ಹೋದ್ರೆ ನಾನು ಮತ್ತೆ ಒಳಗೆ ಬರ್ಬೇಕು. ನಾನು ಬಂದ್ರೆ ಅವನು ಹೋಗ್ತಾನೆ."

ನನಗೆ ಅಳು ಬಂತು. ಇಷ್ಟು ವರ್ಷ ಬುದ್ಧಿವಂತೆ ನಾನೊಬ್ಬಳೇ ಎಂದುಕೊಂಡಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ತಿರುಗಿದರೆ, ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖ ಕೆಂಪಾಗಿತ್ತು. ಒಳಗೆ ಹೋಗಿ, ಕಬ್ಬಿಣದ ಅಂಗಡಿಯಿಂದ ತಂದಿಟ್ಟಿದ್ದ ಗರಗಸ ಹಿಡಿದು ಬಂದರು.

"ಏಳಪ್ಪ," ಎಂದರು.

ಅಪ್ಪನಿಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಾವನೂ ಕೇಳಿರಲಿಕ್ಕಿಲ್ಲ. ಒಂದು ಕ್ಷಣ ಮಗನನ್ನೇ ನೋಡಿ, ಬೆಂಚು ಹಿಡಿದುಕೊಂಡು ಎದ್ದರು.

ನರ್ಸರಿಯಾಕೆಯನ್ನು ಕರೆಸಿಕೊಂಡೇ ಕೆಲಸ ಶುರು ಮಾಡಿದೆವು. ಮೊದಲು ನಮ್ಮವರು ತುದಿಯ ರೆಂಬೆಗಳನ್ನು ಇಳಿಸಿ ಭಾರ ಕಡಿಮೆ ಮಾಡಿದರು. ಆಮೇಲೆ ಕವಲನ್ನು ತುಂಡು ತುಂಡಾಗಿ, ಪ್ರತಿ ತುಂಡಿಗೂ ಮೊದಲು ಕೆಳಗಿನಿಂದ ಒಂದು ಗಾಯ ಮಾಡಿ, ನಂತರ ಮೇಲಿನಿಂದ ಕೊಯ್ದರು. ಹಾಗೆ ಮಾಡದಿದ್ದರೆ ಬೀಳುವ ತುಂಡು ತನ್ನ ಜೊತೆ ಉಳಿದ ಮರದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದಂತೆ. ಮಾವ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಬಲಕ್ಕೆ ಎನ್ನಲಿಲ್ಲ, ಎಡಕ್ಕೆ ಎನ್ನಲಿಲ್ಲ. ಕೊನೆಯ ತುಂಡು ಹಗ್ಗದಲ್ಲಿ ಮೆಲ್ಲಗೆ ನೆಲ ಮುಟ್ಟುವವರೆಗೂ ಅಲ್ಲೇ ನಿಂತು ನೋಡಿದರು. ಏಣಿಯಿಂದ ಇಳಿದಾಗ ನಮ್ಮವರ ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು. ಮರ ಉಳಿಯಿತು, ಆದರೆ ಅರ್ಧ ಮರ.

ನೋಡಲು ಅದು ಎಷ್ಟು ಕೆಟ್ಟದಾಗಿತ್ತು ಎಂದರೆ, ಕಟಿಂಗ್ ಅಂಗಡಿಯ ಮುಂದೆ ನಿಲ್ಲಿಸಲು ಅದಕ್ಕಿಂತ ಅವಮಾನದ ಬೋರ್ಡು ಬೇರೆ ಬೇಕಿರಲಿಲ್ಲ. ಬಂದವರೆಲ್ಲ ಮೊದಲು ಮರ ನೋಡಿ, ಆಮೇಲೆ ನಮ್ಮವರ ಮುಖ ನೋಡುತ್ತಿದ್ದರು. ಇವರು ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಶಿಳ್ಳೆ ನಿಂತುಹೋಗಿತ್ತು. ಮಾವ ಮಾತ್ರ ಒಳಗೆ ಕಾಲಿಡಲಿಲ್ಲ. ಮಧ್ಯಾಹ್ನ ಕಳೆದು ಬಿಸಿಲು ಬೆಂಚಿಗೆ ಬಂದರೆ ಬೆಂಚನ್ನು ಗೇಣು ಸರಿಸುವರು, ಅಲ್ಲಿಗೂ ಬಂದರೆ ತಲೆಗೆ ಟವೆಲ್ ಹಾಕಿಕೊಂಡು ಕೂರುವರು. ಒಳಗೆ ಬನ್ನಿ ಎಂದು ನಾನು ಕರೆದರೆ ಕೇಳಿಸದವರ ಹಾಗೆ ರಸ್ತೆ ನೋಡುತ್ತಿದ್ದರು. ನಮ್ಮವರು ಕರೆಯುತ್ತಲೂ ಇರಲಿಲ್ಲ, ನೋಡದೆಯೂ ಇರುತ್ತಿರಲಿಲ್ಲ.

ಊರಿಗೆ ಹೋಗಿದ್ದ ಕಬ್ಬಿಣದ ಅಂಗಡಿಯವರು ಅದೇ ವಾರ ವಾಪಸಾದರು. ನಾನು ಪರದೆಯ ಈಚೆ ಒಂದು ಪ್ಯಾಂಟಿನ ಅಂಚು ಮಡಚುತ್ತಿದ್ದೆ. ಹೊರಗಿನಿಂದ ಅವರ ದನಿ ಕೇಳಿಸಿತು.

"ಏನ್ ಯಜಮಾನ್ರೇ, ನಿಮ್ಮ ಮರ ಅರ್ಧ ಕಟಿಂಗ್‌ಗೇ ಕುರ್ಚಿಯಿಂದ ಎದ್ದು ಓಡಿಬಂದ ಹಾಗಿದೆಯಲ್ಲ! ಯಾವ ಪುಣ್ಯಾತ್ಮ ಮಾಡಿದ್ದು?"

"ನನ್ನ ಮಗ," ಎಂದರು ಮಾವ.

ಕಬ್ಬಿಣದ ಅಂಗಡಿಯವರು ನಕ್ಕರು. ಮಾವ ನಗಲಿಲ್ಲ.

"ನಗಬೇಡಿ. ಅದು ಚಿಕ್ಕದಿದ್ದಾಗಲೇ ಒಂದು ತಲೆ ತೆಗೀಬೇಕಿತ್ತು. ತೆಗೆಯೋದು ಬೇಡ ಬಿಡು ಅಂತ ಅವನ ಜೊತೆ ತಾಳ ಹಾಕಿದವನು ನಾನು. ಈಗ ಅಷ್ಟು ದೊಡ್ಡದನ್ನ, ಉಳಿದ ಮರದ ಒಂದು ಚೂರು ತೊಗಟೆ ಹರಿಯದ ಹಾಗೆ ಇಳಿಸಿದ. ಮೆಟ್ಟಿಲ ಮೇಲೆ ನಿಂತು ನೋಡ್ತಿದ್ದೆ, ತಪ್ಪು ಹುಡುಕೋಣ ಅಂತಲೇ ನೋಡ್ತಿದ್ದೆ. ಸಿಗಲಿಲ್ಲ. ನನ್ನ ಕೈ ನೆಟ್ಟಗಿದ್ದ ಕಾಲದಲ್ಲೂ ನನ್ನಿಂದ ಅದು ಆಗ್ತಿರ್ಲಿಲ್ಲ ರೀ."

ಒಳಗೆ ಕತ್ತರಿ ನಿಂತಿತು. ನಾನು ಪರದೆ ಸರಿಸಿ ನೋಡಿದೆ. ನಮ್ಮವರು ಗಿರಾಕಿಯ ತಲೆಯ ಮೇಲೆ ಬಾಚಣಿಗೆ ಇಟ್ಟವರು ಇಟ್ಟಂತೆಯೇ ನಿಂತಿದ್ದರು. ಕಣ್ಣು ತುಂಬಿತ್ತು. "ಏನಾಯ್ತಣ್ಣ?" ಎಂದ ಗಿರಾಕಿ. ಅದು ಅವರಿಗೆ ಕೇಳಿಸಿತೋ ಇಲ್ಲವೋ. ಕತ್ತರಿ ಕೆಳಗಿಟ್ಟು ಬಾಗಿಲಿಗೆ ಹೋದರು.

"ಅಪ್ಪಾ, ಬಿಸಿಲು ಬಂತು. ಒಳಗೆ ಬಾ."

"ಬೇಡ ಬಿಡೋ. ಇಲ್ಲೇ ಇರ್ತೀನಿ."

"ಬಾ ಅಂದೆ."

"ಒಳಗೆ ಬಂದ್ರೆ ನನ್ನ ಬಾಯಿ ಸುಮ್ಮನಿರಲ್ಲ ಕಣೋ. ನಿಂಗೇ ಗೊತ್ತಲ್ಲ."

"ಗೊತ್ತು. ಸುಮ್ಮನಿರೋದು ಬೇಡ. ಬಾ."

ಮಾವ ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು. ಕುರ್ಚಿಯಲ್ಲಿ ಗಿರಾಕಿ ಬಟ್ಟೆ ಹೊದ್ದು ಕಾಯುತ್ತಿದ್ದರೂ ನಮ್ಮವರು ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಮಾವ ಕೈ ಚಾಚಿದರು. ನಮ್ಮವರು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಅವರನ್ನು ಒಳಗೆ ಕರೆತಂದರು.